ಮೇಲೆ ಕೂತವನಿಗೆ ಕೈ ತೋರಿಸಿ

ಟಿಕ್.

ಜೂಜಿನ ಬಿಲ್ಲೆ ಮೇಜಿನ ಮೇಲೆ ಬಿದ್ದ ಸದ್ದು. ರಾತ್ರಿ ತರಗತಿ ಮುಗಿದು ಎಲ್ಲರೂ ಹೋಗಿಯಾಗಿತ್ತು. ದೀಪ ಆರಿಸಲು ಬಂದ ಶಿಕ್ಷಕಿ ಬೆಲ್ಕಿಸ್ ಬಾಗಿಲಲ್ಲೇ ನಿಂತಳು.

ಹಸಿರು ಬಟ್ಟೆ ಹೊದಿಸಿದ ಮೇಜಿನ ಹಿಂದೆ ಫೆರ್ಮಿನ್ ಒಬ್ಬನೇ ಇದ್ದ. ಎರಡೂ ಅಂಗೈಗಳನ್ನು ಚಾವಣಿಗೆ ತೋರಿಸಿದ. ಖಾಲಿ. ಕೈ ಮಗುಚಿದ. ಆಗ ಕಿರುಬೆರಳ ಸಂದಿಯಿಂದ ಕೆಂಪು ಬಿಲ್ಲೆಯೊಂದು ಜಾರಿ ಬಿತ್ತು. ಟಿಕ್. ಎತ್ತಿಕೊಂಡು ಮತ್ತೆ ಅದನ್ನೇ ಮಾಡಿದ.

ಬಿಲ್ಲೆ ಕದಿಯುವ ಎಲ್ಲ ವಿಧಾನಗಳನ್ನೂ ಬೆಲ್ಕಿಸ್ ಈ ಶಾಲೆಯಲ್ಲಿ ಕಲಿಸಿದ್ದಳು, ಯಾರೂ ಕದಿಯದಿರಲಿ ಎಂಬ ಸದುದ್ದೇಶದಿಂದ. ಇದೊಂದನ್ನು ಮಾತ್ರ ಕಲಿಸಿರಲಿಲ್ಲ.

ಸಾಂತೊ ದೊಮಿಂಗೊದಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಆ ಶಾಲೆ. ಒಂದು ಕೋಣೆಯಲ್ಲಿ ಕ್ಯಾಸಿನೊದಲ್ಲಿ ಇಸ್ಪೀಟು ಹಂಚುವವರು ತಯಾರಾಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಬಾರ್‌ಟೆಂಡರುಗಳು ರಮ್ಮಿನ ಬಣ್ಣದ ಚಹಾವನ್ನು ಗಂಭೀರವಾಗಿ ಲೋಟಕ್ಕೆ ಸುರಿದು, ಕಾಣದ ಗಿರಾಕಿಗಳನ್ನು ನೋಡಿ ಮುಗುಳ್ನಗುತ್ತಿದ್ದರು. ಚಾವಣಿಗೆ ಕ್ಯಾಮೆರಾದ ಕಪ್ಪು ಬುರುಡೆ ಅಂಟಿಸಿದ್ದರು. ಒಳಗೆ ಕ್ಯಾಮೆರಾ ಇರಲಿಲ್ಲ. ಪ್ರಾಮಾಣಿಕತೆ ಕಲಿಸಲು ಬುರುಡೆಯಷ್ಟೇ ಸಾಕೆಂದು ಮಾಲೀಕ ದೊನ್ ರದಮೆಸ್‌ನ ನಂಬಿಕೆ. ಅವನು ಯಾರ ಕೈಯನ್ನೂ ನೋಡಿದವನಲ್ಲ, ಆ ಕೈ ತಂದ ಶುಲ್ಕವನ್ನು ನೋಡಿದವನು.

"ಮೇಜು ಬಿಡೋ ಮುಂಚೆ ಮೇಲೆ ಕೂತವನಿಗೆ ಕೈ ತೋರ್ಸಿ," ಎಂದು ಬೆಲ್ಕಿಸ್ ಮೊದಲ ದಿನವೇ ಹೇಳಿದ್ದಳು. "ಅಂಗೈ, ಆಮೇಲೆ ಮುಂಗೈ."

"ಅಲ್ಲಿ ಜೇಡ ಬಿಟ್ರೆ ಯಾರೂ ಇಲ್ಲ, ಪ್ರೊಫೆ," ಎಂದಿದ್ದಳು ಯೊಕಾಸ್ತಾ ಎಂಬ ಹುಡುಗಿ.

"ಕ್ಯಾಸಿನೊದಲ್ಲಿ ಕ್ಯಾಮೆರಾ ನೋಡ್ತಾ ಒಬ್ಬ ಇರ್ತಾನೆ ಕಣಮ್ಮ. ವರ್ಷಗಟ್ಟಲೆ ಕೈ ತೋರ್ಸಿದೀನಿ. ಪುಣ್ಯಾತ್ಮನ ಮುಖ ಒಂದ್ಸಲಾನೂ ನೋಡಿಲ್ಲ."

"ಪಾಪ, ಅವನಾದ್ರೂ ನಿಮ್ಮುಖ ನೋಡಿದಾನೋ ಇಲ್ವೋ!"

ತರಗತಿ ನಕ್ಕಿತ್ತು. ಫೆರ್ಮಿನ್ ನಕ್ಕಿರಲಿಲ್ಲ.

ಅವನ ವಿಷಯದಲ್ಲಿ ಎಲ್ಲವೂ ಅನುಮಾನಕ್ಕೆ ಯೋಗ್ಯವಾಗಿತ್ತು. ತಲೆ ನರೆತ ಮೇಲೆ ಇಸ್ಪೀಟು ಕಲಿಯಲು ಬಂದವನು. ವರ್ಷಾನುಗಟ್ಟಲೆ ಬಿಸಿಲು ಕಾಣದ ಜೈಲುವಾಸಿಯಂತೆ ಬಿಳಚಿಕೊಂಡಿದ್ದ. ಎಲೆ ಕಲೆಸಿದರೆ ಅರ್ಧ ನೆಲದ ಪಾಲು. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೈಗಳನ್ನೇ ನೋಡುತ್ತಿದ್ದ. ಯೊಕಾಸ್ತಾಳ ಹೆಸರೂ ಅವನಿಗೆ ನೆನಪಿರುತ್ತಿರಲಿಲ್ಲ. "ಉಗುರು ಕಚ್ಚೋ ಹುಡುಗಿ" ಎನ್ನುತ್ತಿದ್ದ. "ನನ್ ಮುಖಾನೂ ಚೆನ್ನಾಗಿದೆ, ತಾತ," ಎಂದು ಅವಳು ಛೇಡಿಸಿದರೆ, "ಇರ್ಬೋದು ಮಗಳೇ," ಎನ್ನುತ್ತಿದ್ದ, ತಲೆಯೆತ್ತದೆ.

ಪುಂತಾ ಕಾನಾ ಕಡಲತೀರದ ಹೊಸ ಕ್ಯಾಸಿನೊ ಹೋಟೆಲಿನವರು ಇಡೀ ತರಗತಿಗೆ ಕೆಲಸ ಕೊಡುವುದಾಗಿ ಒಪ್ಪಿದ್ದರು, ಬೆಲ್ಕಿಸ್‌ಳಿಗೆ ಮೇಲ್ವಿಚಾರಕಿಯ ಹುದ್ದೆ. ಷರತ್ತು ಒಂದೇ: ಶಾಲೆಯಿಂದ ಒಬ್ಬನೇ ಒಬ್ಬ ಕಳ್ಳನ ವಾಸನೆ ಬಂದರೂ ಎಲ್ಲರಿಗೂ ಬಾಗಿಲು ಬಂದ್. ಸಮುದ್ರ ಕಾಣುವ ಆ ಕೆಲಸಕ್ಕಾಗಿ ಬೆಲ್ಕಿಸ್ ವರ್ಷಗಳಿಂದ ಚಹಾದ ವಾಸನೆ ಸಹಿಸಿದ್ದಳು. ಈ ಮುದುಕನಿಂದ ಅದು ತಪ್ಪಿಹೋಗಬೇಕೆ?

ಅವಳು ಫೆರ್ಮಿನ್‌ನನ್ನು ನೇರ ಮಾಲೀಕನ ಕೋಣೆಗೆ ಕರೆದೊಯ್ದಳು. ದೊನ್ ರದಮೆಸ್ ಹುರಿದ ಬಾಳೆಕಾಯಿ ತಿನ್ನುತ್ತಿದ್ದ.

"ಇವನು ಕಳ್ಳ," ಎಂದಳು. "ಕಿರುಬೆರಳಲ್ಲಿ ಬಿಲ್ಲೆ ಮರೆಸೋದನ್ನ ಕಣ್ಣಾರೆ ಕಂಡೆ. ಇದು ಪುಸ್ತಕದಲ್ಲಿ ಸಿಗೋ ವಿದ್ಯೆ ಅಲ್ಲ, ದೊನ್ ರದಮೆಸ್. ಕದ್ದ ಕೈಗೆ ಮಾತ್ರ ಗೊತ್ತಿರೋದು."

"ನಿಮ್ಮ ಕಣ್ಣೇ ಕಣ್ಣು, ಬೆಲ್ಕಿಸ್!" ಮಾಲೀಕ ಬೆರಳು ಒರೆಸಿಕೊಂಡು ಫೆರ್ಮಿನ್‌ನತ್ತ ತಿರುಗಿದ. "ಏನಯ್ಯಾ, ಎಲ್ಲಿ ಕಲಿತೆ?"

"ಕಲ್ತಿಲ್ಲ. ನೋಡಿದೀನಿ," ಎಂದ ಫೆರ್ಮಿನ್. "ಕ್ಯಾಸಿನೊ ಮಹಡೀಲಿ, ಕತ್ತಲೆ ಕೋಣೇಲಿ ಕೂತು ಕ್ಯಾಮೆರಾ ನೋಡೋದೇ ನನ್ ಕೆಲ್ಸ ಆಗಿತ್ತು. ಈಗ ಅದಕ್ಕೂ ಯಂತ್ರ ಬಂತು, ನನ್ನನ್ನ ಮನೆಗೆ ಕಳ್ಸಿದ್ರು."

ದೊನ್ ರದಮೆಸ್ ಕುರ್ಚಿಯಿಂದ ಎದ್ದೇಬಿಟ್ಟ. "ಕಾವಲಿನವನು! ಮತ್ತೆ ಈ ವಿದ್ಯೆ ಮಾಡ್ತಿದ್ದೋರು ಯಾರು?"

"ಎಲೆ ಹಂಚೋ ಒಬ್ಬ ಹೆಂಗಸು. ಪ್ರತಿ ಶನಿವಾರ. ಎಷ್ಟು ಚೆಂದ ಅಂತೀರಿ! ಬಿಲ್ಲೆ ಇಟ್ಕೊಂಡೇ ನಂಗೆ ಕೈ ತೋರ್ಸಿ ಹೋಗೋಳು."

"ಹೆಸರು ಹೇಳು. ಹೋಟೆಲಿನೋರಿಗೆ ಈಗ್ಲೇ ಫೋನ್ ಮಾಡ್ತೀನಿ, ಅಂಥೋಳು ಅಲ್ಲಿಗೆ ಸೇರ್ಕೊಂಡುಬಿಟ್ಟಾಳು."

"ಹೆಸರೆಲ್ಲಿ ಗೊತ್ತಾಗತ್ತೆ? ಕ್ಯಾಮೆರಾ ತಲೆ ಮೇಲೇ ಇರೋದು. ಮುಖ ಕಾಣಲ್ಲ, ಕೈ ಅಷ್ಟೇ."

"ಆಗ್ಲೇ ಯಾಕೆ ಹಿಡ್ಕೊಡ್ಲಿಲ್ಲ?"

"ಹಿಡ್ಕೊಟ್ಟಿದ್ರೆ ತೆಗೆದುಹಾಕ್ತಿದ್ರು. ಆ ಕತ್ತಲೇಲಿ ನೋಡೋಕೆ ನಂಗೆ ಬೇರೆ ಏನಿತ್ತು?" ಫೆರ್ಮಿನ್ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. "ಹೆಂಗ್ ಮಾಡ್ತಿದ್ಲು ಅಂತ ಪ್ರಯತ್ನ ಪಟ್ಟೆ. ಆಗಲ್ಲ. ಅದಕ್ಕೆ ಬಲಗೈ ಕಿರುಬೆರಳು ಹುಟ್ಟಾ ಸೊಟ್ಟ ಇರ್ಬೇಕು."

ದೊನ್ ರದಮೆಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾವಲಿನವನನ್ನೇ ಕಳ್ಳ ಅಂತ ಎಳ್ಕೊಂಡು ಬಂದ್ರಲ್ಲ, ಬೆಲ್ಕಿಸ್! ಹೇಳಿ, ಪ್ರಾಮಾಣಿಕತೆಗೆ ಇವನಿಗೆ ಎಷ್ಟು ಅಂಕ?"

"ನೂರಕ್ಕೆ ನೂರು," ಎಂದಳು ಬೆಲ್ಕಿಸ್.

ಆಮೇಲೆ ಬಲಗೈಯನ್ನು ಮೆಲ್ಲನೆ ಬೆನ್ನ ಹಿಂದಕ್ಕೆ ಒಯ್ದು, ತನ್ನ ಸೊಟ್ಟ ಕಿರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.