ಬಡಿಯದ ತಪ್ಪಲೆ

ದಿಲ್ಸಿಯಾ ಪ್ಲಗ್ ಕಿತ್ತು, ಅಡುಗೆಮನೆಯ ಕತ್ತರಿಯಿಂದ ರೇಡಿಯೋದ ತಂತಿಯನ್ನು ಕತ್ತರಿಸಿದಳು. ಮಂಚದ ಮೇಲಿದ್ದ ಅಪ್ಪನಿಗೆ ಕಾಣದಿರಲೆಂದು ಬೆನ್ನು ಅಡ್ಡ ಮಾಡಿಕೊಂಡಿದ್ದಳು.

"ಅಯ್ಯೋ, ರೇಡಿಯೋ ಕೆಟ್ಟೋಯ್ತಲ್ಲಪ್ಪಾ!" ಎಂದು ಬೇಕೆಂದೇ ಜೋರಾಗಿ ಹೇಳಿದಳು. "ಇವತ್ತೇ ಕೆಡಬೇಕಿತ್ತಾ ದರಿದ್ರದ್ದು!"

ಅಪ್ಪ ಫೆರ್ಮಿನ್ ಏನೂ ಹೇಳುವಂತಿರಲಿಲ್ಲ. ಲಕ್ವ ಹೊಡೆದು ಮಾತು ಹೋಗಿತ್ತು, ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಅವನ ಪಾಲಿಗೆ ಉಳಿದದ್ದು ಎಡಗೈ, ಎರಡು ಕಣ್ಣು ಮತ್ತು ಬೇಸ್‌ಬಾಲ್.

ಸಂತೋ ದೊಮಿಂಗೊದಲ್ಲಿ ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ಕೇಳಿ, ಮರುಮಾತಿಗೆ ಕೆಂಪೋ ನೀಲಿಯೋ ಎಂದು ಕೇಳುತ್ತಾರೆ. ಊರು ಒಂದು, ಮೈದಾನವೂ ಒಂದೇ, ತಂಡ ಮಾತ್ರ ಎರಡು: ಕೆಂಪು ಸಿಂಹಗಳು, ನೀಲಿ ಹುಲಿಗಳು. ಫೆರ್ಮಿನ್‌ನ ಮನೆ ಕೆಂಪು. ಬಾಗಿಲು ಕೆಂಪು, ಪರದೆ ಕೆಂಪು, ಊಟದ ಮೇಜಿನ ಬಟ್ಟೆಯೂ ಕೆಂಪು. ಅದು ಅವನ ಹೆಂಡತಿ ಒತಿಲಿಯಾಳ ತಂದೆ ಕಟ್ಟಿಸಿದ ಮನೆ. ಆ ಮಾವ ನೀಲಿಯವರಿಗೆ ಹೆಣ್ಣು ಕೊಡುವುದಿರಲಿ, ಕುಡಿಯಲು ನೀರೂ ಕೊಡುತ್ತಿರಲಿಲ್ಲ. ಅಂಥವನ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಒಂದೇ ರೇಡಿಯೋ ಕೇಳಿದವನು ಫೆರ್ಮಿನ್. ಈಗ ಮಾವನೂ ಇಲ್ಲ, ಒತಿಲಿಯಾಳೂ ಇಲ್ಲ.

ಎದುರುಮನೆಯ ಎಲಿಹಿಯೊನೋ ಅಪ್ಪಟ ನೀಲಿ. ಹುಲಿಗಳು ಗೆದ್ದಾಗಲೆಲ್ಲ ಹಳೆಯ ತಪ್ಪಲೆಯೊಂದನ್ನು ಹಿಡಿದು ಬಂದು ಫೆರ್ಮಿನ್‌ನ ಕಿಟಕಿಯ ಕೆಳಗೇ ಬಡಿಯುತ್ತಿದ್ದ. ಹಾಸಿಗೆ ಹಿಡಿದ ಮೇಲೆ ಫೆರ್ಮಿನ್ ತನ್ನ ಮಂಚ ಅದೇ ಕಿಟಕಿಯ ಬಳಿ ಬೇಕೆಂದು ಎಡಗೈ ತೋರಿಸಿ ಹಟ ಮಾಡಿದ್ದ. ಶತ್ರುವಿನ ಮೇಲೆ ಒಂದು ಕಣ್ಣಿರಲಿ ಎಂದಿರಬೇಕು.

ಫೈನಲ್ ಸರಣಿಯಲ್ಲಿ ಶುಕ್ರವಾರ ನೀಲಿ ಗೆದ್ದು ಲೆಕ್ಕ ಸಮವಾಯಿತು. ತಪ್ಪಲೆ ಬಂತು.

"ಏ ಕೆಂಪೂ! ನಿಮ್ ಸಿಂಹಕ್ಕೆ ಹಲ್ಲುದುರಿದ್ಯಂತಲ್ಲೋ! ಬಾಳೆಕಾಯಿ ಮುದ್ದೆ ಮಾಡಿ ತಿನ್ನಿಸ್ರೋ!"

ಫೆರ್ಮಿನ್‌ನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ತಲೆಯ ಮೇಲಿನ ಕೆಂಪು ಟೋಪಿ ನೆಲಕ್ಕೆ ಬಿತ್ತು. ಎಡಗೈ ತಪ್ಪಲೆಯ ಏಟಿಗೆ ಏಟು ಕೊಡುವಂತೆ ಮಂಚದ ಕಂಬಿಯನ್ನು ಕುಟ್ಟಿತು. ಎದೆ ಏರಿಳಿಯಿತು, ಮುಖ ಕೆಂಪೇರಿತು. ದಿಲ್ಸಿಯಾ ಹೆದರಿ ಹೋದಳು. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು, ಎಷ್ಟೋ ದಿನಗಳಿಂದ ಎರಡು ತುತ್ತಿಗೇ ಬಾಯಿ ಮುಚ್ಚುತ್ತಿದ್ದವನು ತಟ್ಟೆ ಖಾಲಿ ಮಾಡಿದ. ಸೋತ ಸಿಟ್ಟಿಗೆ ಉಣ್ಣುತ್ತಿದ್ದಾನೆ ಎಂದುಕೊಂಡಳು ಮಗಳು.

ಮರುದಿನ ನೋಡಲು ಬಂದ ಡಾಕ್ಟರು ತಲೆಯಾಡಿಸಿದರು.

"ಇನ್ನೊಂದ್ ಸಲ ಹೀಗಾದ್ರೆ ಹೃದಯ ತಡೆಯಲ್ಲಮ್ಮ. ಸೋತ ಸುದ್ದಿ ಇವರ ಕಿವಿಗೆ ಬೀಳಕೂಡದು."

ಭಾನುವಾರ ಸಂಜೆ ಕೊನೆಯ ಆಟ. ರೇಡಿಯೋದ ಕಥೆ ಮುಗಿಸಿ ದಿಲ್ಸಿಯಾ ಎದುರುಮನೆಗೆ ಓಡಿದಳು.

"ಮಾಮ, ಇವತ್ತು ನೀವು ಗೆದ್ರೆ ತಪ್ಪಲೆ ಬಡೀಬೇಡಿ. ಕಾಲಿಗೆ ಬೀಳ್ತೀನಿ. ಅಪ್ಪ ಉಳಿಯಲ್ಲ."

ಎಲಿಹಿಯೊ ಮೂಲೆಯಲ್ಲಿದ್ದ ತಪ್ಪಲೆಯತ್ತ ನೋಡಿದ. ನೀಲಿಗೆ ಕಪ್ ಬಂದು ಎಷ್ಟೋ ವರ್ಷಗಳಾಗಿದ್ದವು.

"ಈ ಒಂದ್ ದಿನಕ್ಕೇ ಕಣೇ ನಾನು ಆ ತಪ್ಪಲೇನ ಇಟ್ಕೊಂಡಿರೋದು," ಎಂದ ಕೊನೆಗೆ. "ಏನ್ ಮಾಡ್ಲಿ? ನಿಮ್ಮಪ್ಪ ಹೋದ್ರೆ ನಾನು ಯಾರನ್ನ ರೇಗಿಸ್ಲಿ? ಹೋಗು. ಬೀದೀಲಿ ಒಬ್ರೂ ಉಸಿರೆತ್ತಲ್ಲ, ನಾನು ನೋಡ್ಕೋತೀನಿ."

ನೀಲಿ ಗೆದ್ದಿತು.

ಆ ಬೀದಿಯಲ್ಲಿ ಅಂಥ ಗೆಲುವನ್ನು ಯಾರೂ ಕಂಡಿರಲಿಲ್ಲ. ದೊಡ್ಡ ದೊಡ್ಡ ಗಂಡಸರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅಪ್ಪಿಕೊಂಡರು. ಹೆಂಗಸರು ನೀಲಿ ಬಟ್ಟೆ ಬೀಸಿದರು, ಸದ್ದಿಲ್ಲದೆ. ಎಲಿಹಿಯೊ ತಪ್ಪಲೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಹೊಸ್ತಿಲ ಮೇಲೆ ಕೂತು ಅತ್ತ. ಇಂಥ ಶತ್ರುಗಳು ಎಲ್ಲರಿಗೂ ಸಿಗುವುದಿಲ್ಲ.

ಒಳಗೆ ದಿಲ್ಸಿಯಾ ಕಿಟಕಿ ಮುಚ್ಚಿ, ಅಪ್ಪನ ಕಿವಿಗೆ ಬಗ್ಗಿದಳು.

"ಅಪ್ಪಾ, ಗೆದ್ವಿ! ದೂರದಲ್ಲಿ ಹಾರ್ನ್ ಕೇಳ್ತಿದ್ಯಲ್ಲ, ನಮ್ಮೋರೇ!"

ಫೆರ್ಮಿನ್ ಅವಳನ್ನು ನಂಬಿದಂತೆ ಕಾಣಲಿಲ್ಲ. ಕಣ್ಣು ಕಿಟಕಿಯ ಮೇಲೇ ಇತ್ತು.

ಅಷ್ಟರಲ್ಲಿ ಎಲಿಹಿಯೊನೇ ಬಂದ. ತಲೆಯ ಮೇಲೆ ಯಾರಿಂದಲೋ ಇಸಿದುಕೊಂಡ ಕೆಂಪು ಟೋಪಿ. ಅದನ್ನು ಹಾಕಿಕೊಳ್ಳುವುದಕ್ಕಿಂತ ವಿಷ ಕುಡಿಯುವುದು ಅವನಿಗೆ ಸುಲಭವಿತ್ತು.

"ಆಯ್ತು ಮಾರಾಯ, ಸೋತ್ವಿ," ಎಂದ. "ನಿಮ್ ಸಿಂಹಕ್ಕೆ ಹಲ್ಲು ಬಂತು. ಈಗ ಸಮಾಧಾನ ಆಯ್ತಾ?"

ಫೆರ್ಮಿನ್ ಅವನನ್ನೇ ನೋಡಿದ. ಟೋಪಿಯನ್ನು ನೋಡಿದ. ಎಡಗೈ ಮೆಲ್ಲಗೆ ಮೇಲೆದ್ದು ಮಂಚದ ಕಂಬಿಯನ್ನು ಕುಟ್ಟಿತು. ನಿಂತು, ಕಿಟಕಿಯತ್ತ ಕಿವಿಗೊಟ್ಟಿತೇನೋ ಎಂಬಂತೆ ಕಾದು, ಮತ್ತೊಮ್ಮೆ ಕುಟ್ಟಿತು. ಬೀದಿ ಕೊಟ್ಟ ಮಾತನ್ನು ಉಳಿಸಿಕೊಂಡಿತ್ತು. ಕೈ ಹಾಸಿಗೆಯ ಮೇಲೆ ಬಿತ್ತು. ಕಣ್ಣಂಚಿನಲ್ಲಿ ಒಂದು ಹನಿ ಬಂತು.

"ನೋಡಿ ಮಾಮ, ಖುಷಿಗೆ ಅಳ್ತಿದ್ದಾರೆ," ಎಂದು ದಿಲ್ಸಿಯಾ ಅಪ್ಪನ ಕೆಂಪು ಟೋಪಿಯನ್ನು ಅವನ ತಲೆಗೆ ಸರಿಯಾಗಿ ಒತ್ತಿ ಕೂರಿಸಿದಳು. ಎಲಿಹಿಯೊ, ಬದುಕಿನಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಮನೆಗೆ ಹೋದ.

ಆ ಹೊತ್ತು ಫೆರ್ಮಿನ್ ಒಂದು ತುತ್ತಿಗೂ ಬಾಯಿ ತೆರೆಯಲಿಲ್ಲ. ಸಂತೋಷಕ್ಕೇ ಹೊಟ್ಟೆ ತುಂಬಿದೆ ಎಂದಳು ಮಗಳು.

ಒತಿಲಿಯಾ ಬದುಕಿದ್ದಿದ್ದರೆ ಆ ಕಿಟಕಿ ತೆರೆದು ತಾನೇ ತಪ್ಪಲೆ ಬಡಿಯುತ್ತಿದ್ದಳು. ತನ್ನನ್ನು ಮದುವೆಯಾಗಲೆಂದು ಅಪ್ಪನೆದುರು ಕೆಂಪು ಟೋಪಿ ಹಾಕಿಕೊಂಡ ಫೆರ್ಮಿನ್ ಹುಟ್ಟಾ ನೀಲಿ ಎಂಬುದು ಗೊತ್ತಿದ್ದವಳು ಅವಳೊಬ್ಬಳೇ.