ಮೂರನೇ ನೀರು

ಬಾನುಬಿಯ ಎರಡು ಬೆರಳು ಮಡಚಿದ್ದವು, ಮೂರನೆಯದು ಇನ್ನೂ ನೆಟ್ಟಗೇ ಇತ್ತು. ಒಗೆದು, ಒಣಗಿಸಿಯೂ ಕೊಡುವ ಹೊಸ ಮಷಿನ್ನಿನ ಗಾಜಿನ ಬಾಗಿಲ ಮುಂದೆ ಅವಳು ಮಣೆ ಹಾಕಿಕೊಂಡು ಕುಳಿತಿದ್ದಳು. ಒಳಗೆ ಅವಳ ನಮಾಜಿನ ಬಿಳಿ ದುಪಟ್ಟಾ ತಿರುಗುತ್ತಿತ್ತು. ಸಾಬೂನು ಬಿಟ್ಟ ಮೇಲೆ ಮೂರು ಸಲ ಹೊಸ ನೀರಿನಲ್ಲಿ ಜಾಲಿಸದ ಬಟ್ಟೆ ಪಾಕ್ ಅಲ್ಲ, ಶುದ್ಧವಲ್ಲ, ಅದನ್ನು ಹೊದ್ದು ನಮಾಜಿಗೆ ನಿಲ್ಲುವಂತಿಲ್ಲ ಎಂಬುದು ಅವಳು ಎಂದೂ ಮುರಿಯದ ಲೆಕ್ಕ.

ಎರಡನೇ ನೀರು ಹೊರಹೋಯಿತು. ಮಷಿನ್ನು ಸುಮ್ಮನಾಯಿತು.

“ನೋಡ, ಎರಡಕ್ಕ ನಿಂತತು,” ಎಂದು ಬಾನುಬಿ ಸೊಸೆ ನುಜಹತಳಿಗೆ ಹೇಳಿದಳು. “ಐದು ತಾಸು ತಿಂತೈತಿ, ಅರ್ಧ ಬುಟ್ಟಿ ಅರಿವಿನೂ ಹಿಡಿಯಂಗಿಲ್ಲ. ಈ ಸವಣೂರ ಮಳ್ಯಾಗ ಅರಿವಿ ಮುಗ್ಗು ವಾಸನಿ ಬರಂಗಿಲ್ಲ, ಅದೊಂದ ಖರೆ. ಆದ್ರ ಪಾಕ್ ಆಗದ ಅರಿವಿ ಒಣಗಿ ಏನ ಮಾಡೋದು? ತಗಿ, ನಾ ಕೈಲೇ ಜಾಲಿಸ್ತೇನಿ.”

ನುಜಹತ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಮೊದಲನೇ ದಿನ ನಾನೂ ಅಲ್ಲೇ ಕುಂತು ಎಣಿಸೇನ್ರಿ, ಅಮ್ಮಾ. ಎರಡ ನೀರಿಗೆ ಒಣಗಸಾಕ ಹತ್ತಿತ್ತು. ಅವತ್ತ ಮೂರು ಮಾಡಿ ಇಟ್ಟೇನಿ.”

ಬಾನುಬಿ ತಿರುಗಿ ನೋಡಿದಳು. ಈ ಮನೆಗೆ ಬಂದು ಆರು ವರ್ಷವಾದರೂ ಸೊಸೆಗೆ ಇದೆಲ್ಲ ಬೇಕಿಲ್ಲ ಎಂದೇ ಅವಳು ತಿಳಿದಿದ್ದಳು. ಅಷ್ಟರಲ್ಲಿ ಗಾಜಿನ ಹಿಂದೆ ಹೊಸ ನೀರು ಸುರಿಯಿತು. ಅವಳು ಮೂರನೇ ಬೆರಳು ಮಡಚಿದಳು. ಮಣೆ ಎತ್ತಿಕೊಂಡು ಬಂದು ಸೊಸೆಯ ಪಕ್ಕ ಹಾಕಿದಳು.

“ಒಣಗಸೋದ ಅದು ನೋಡ್ಕೋತೈತಿ. ಅರ್ಧ ಉಳ್ಳಾಗಡ್ಡಿ ಇತ್ತಾಗ ಕೊಡು, ನಾ ಹೆಚ್ಚತೇನಿ.”