ಮರುಳಸಿದ್ದಪ್ಪನ ವಾದ

ಪಕ್ಕದ ಮನೆಯವನು ಹಾಕಿದ ಕೇಸಿನಲ್ಲಿ ತನ್ನ ನಾಯಿ ಗೌರಿಯನ್ನು ಎಲ್ಲಿ ಕಿತ್ತುಕೊಳ್ಳುತ್ತಾರೋ ಎಂದು ಮರುಳಸಿದ್ದಪ್ಪನಿಗೆ ವಾರದಿಂದ ಊಟ ಸೇರಿರಲಿಲ್ಲ.

"ಒಬ್ಬ ವಕೀಲನ್ನ ಇಟ್ಕೊಳ್ಳೋ," ಎಂದು ಅಕ್ಕ ಗೋಗರೆದಳು.

"ನನ್ನ ಗೌರಿ ವಿಷಯ ನನಗಿಂತ ಚೆನ್ನಾಗಿ ಯಾವ ವಕೀಲನಿಗೆ ಗೊತ್ತಕ್ಕಾ?" ಎಂದವನೇ ಒಬ್ಬನೇ ಕೋರ್ಟಿಗೆ ಹೋದ.

ಅಲ್ಲಿ ಸಾಲಾಗಿ ಮೂರು ಕೋರ್ಟ್ ಹಾಲ್‌ಗಳಿದ್ದವು. ಒಂದರೊಳಗೆ ತನ್ನ ಹೆಸರು ಕೂಗಿದ್ದು ಕೇಳಿ ಓಡಿಹೋಗಿ ನಿಂತ.

"ನೀವೇನು ಹೇಳ್ತೀರಿ?" ನ್ಯಾಯಾಧೀಶೆ ಕೇಳಿದರು.

"ತಾಯಿ, ಎಂಟು ವರ್ಷದಿಂದ ನನ್ನ ಜೊತೆ ಇದ್ದಾಳೆ. ಕೂಗಾಟ ಸ್ವಲ್ಪ ಹೆಚ್ಚು, ಒಪ್ತೀನಿ. ಆದ್ರೆ ನಾನು ಮನೆಗೆ ಬರೋವರೆಗೂ ಒಂದು ತುತ್ತು ಮುಟ್ಟಲ್ಲ. ನನಗೆ ಜ್ವರ ಬಂದಾಗ ಮೂರು ದಿನ ಮಂಚದ ಹತ್ತಿರದಿಂದ ಕದಲಲಿಲ್ಲ. ಅವಳನ್ನ ಬಿಟ್ಟು ನಾನು ಬದುಕಲ್ಲ."

ನ್ಯಾಯಾಧೀಶೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ಪ್ರೀತಿ ಇಟ್ಕೊಂಡು ಇಲ್ಲೀತನಕ ಯಾಕ್ರೀ ಬಂದ್ರಿ? ಅರ್ಜಿ ವಜಾ. ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ."

ಗೆದ್ದ ಖುಷಿಯಲ್ಲಿ ಮೆಟ್ಟಿಲಿಳಿಯುತ್ತಿದ್ದವನ ಹಿಂದೆ ಬ್ಯಾಗು ಹಿಡಿದ ಹೆಂಗಸೊಬ್ಬಳು ಓಡಿಬಂದಳು.

"ಯಾರಮ್ಮಾ ನೀವು?"

"ಒಳಗೆ ನಡೆದಿದ್ದು ನನ್ನ ಡೈವೋರ್ಸ್ ಕೇಸು. ಡೈವೋರ್ಸ್ ಕೇಳಿದ ನನ್ನ ಗಂಡನಿಗೂ ನಿಮ್ಮದೇ ಹೆಸರು. ಅವರು ಇನ್ನೂ ಬಂದೇ ಇಲ್ಲ."

"ಅಯ್ಯೋ ಶಿವನೇ! ಅದನ್ನ ಅಲ್ಲೇ ಹೇಳಬಾರದಿತ್ತಾ?"

"ಮದುವೆಯಾದಾಗಿಂದ ನನ್ನ ಬಗ್ಗೆ ಇಷ್ಟು ಒಳ್ಳೆ ಮಾತು ಯಾರೂ ಆಡಿರಲಿಲ್ಲ," ಎಂದು ಅವಳು ಬ್ಯಾಗನ್ನು ಅವನ ಕೈಗೆ ಕೊಟ್ಟಳು. "ನಡೀರಿ, ನಿಮ್ಮೂರಿನ ಬಸ್ಸು ಎಷ್ಟು ಹೊತ್ತಿಗೆ?"